ಸಜ್ಜಿಗೆ ರವೆಯ ಉಂಡೆ

ಹೋದ ತಿಂಗಳು ತಮ್ಮನ ಮೊಮ್ಮಗನ ನಾಮಕರಣಕ್ಕೆಂದು ನ್ಯಾಮತಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿಗೇ ಒಂದು ಹೊಸ ಅಂಗಡಿ ಬಂದಿದೆ. ಗಾಜಿನ ಕಪಾಟಿನಲ್ಲಿ ಸಜ್ಜೆ ಉಂಡೆಗಳ ಪೊಟ್ಟಣ ಸಾಲಾಗಿ ಜೋಡಿಸಿಟ್ಟಿದ್ದರು. ಮೇಲೆ ಹಸಿರು ಅಕ್ಷರದಲ್ಲಿ ‘ಸಿರಿಧಾನ್ಯ’ ಅಂತ ಬರೆದಿತ್ತು. ಸಜ್ಜೆಗೆ ಈ ಸಿರಿ ಯಾವಾಗ ಬಂತಪ್ಪಾ ಅಂತ ನಗು ಬಂತು. ನಾವು ತಿನ್ನುವಾಗ ಅದು ಬರೀ ಸಜ್ಜೆಯಾಗಿತ್ತು, ಅದನ್ನು ತಿನ್ನುವವರ ಹೆಸರೆತ್ತಿದರೆ ಅನ್ನ ಉಣ್ಣುವ ಊರಿನವರು ಮೂಗು ಮುರಿಯುತ್ತಿದ್ದರು.

ಒಂದು ಪೊಟ್ಟಣ ಕೊಂಡು ಅಲ್ಲೇ ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಆಮೇಲೆ ನಾಲಗೆಯ ಬುಡದಲ್ಲಿ ಸಣ್ಣಗೆ ಕಹಿ. “ಸಜ್ಜೆ ಹುರೀದೇ ಬೀಸ್ಯಾರೆ,” ಅಂದುಬಿಟ್ಟೆ.

“ಏನಂದ್ರಿ ಅಜ್ಜಿ?” ಅಂದಳು ಅಂಗಡಿಯ ಹುಡುಗಿ.

“ಏನಿಲ್ಲ ಬಿಡಮ್ಮ,” ಅಂದೆ. ಹುರಿದ ಸಜ್ಜೆಯ ಘಮ ಹೇಗಿರುತ್ತದೆ, ಅದು ನಮ್ಮ ಮನೆಯಲ್ಲಿ ಹೇಗೆ ಶುರುವಾಯಿತು ಅಂತ ಹೇಳಲು ನಿಂತಿದ್ದರೆ ನನ್ನ ಬಸ್ಸು ಹೋಗಿಬಿಡುತ್ತಿತ್ತು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಜಂಬವೇ.

ನನ್ನ ತವರು ಸವಳಂಗ. ನಮ್ಮಪ್ಪನಿಗೆ ಕೆರೆಯ ಕೆಳಗೆ ಭತ್ತದ ಗದ್ದೆ. ಕೊಯ್ಲು ಮುಗಿದು ಗದ್ದೆ ಖಾಲಿಯಾಯಿತು ಅಂದರೆ ಪ್ರತಿ ವರ್ಷ ಜಗಳೂರು ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಿದ್ದರು. ಅವರ ಕುರಿಗೆ ನಮ್ಮ ಗದ್ದೆಯಲ್ಲಿ ಮೇವು, ನಮ್ಮ ಗದ್ದೆಗೆ ಅವರ ಕುರಿಯಿಂದ ಗೊಬ್ಬರ. ರಾತ್ರಿ ಹೊತ್ತು ಒಂದೊಂದು ಗದ್ದೆಯಲ್ಲಿ ಮಂದೆ ತರುಬಿ, ಕುರಿಗಾರರು ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬ ಹುಡುಗ ಕಾಲು ಉಳುಕಿದ ಮರಿಯನ್ನು ದಿನವೆಲ್ಲ ಹೆಗಲ ಮೇಲೆ ಹೊತ್ತು ತಿರುಗಿದ್ದನ್ನು ನಮ್ಮಪ್ಪ ನೋಡಿದ್ದರಂತೆ. “ಕುರೀನೇ ಹಂಗೆ ನೋಡ್ಕೊಳ್ಳೋನು ಹೆಂಡ್ತೀನ ಕೈ ಬಿಡ್ತಾನಾ?” ಅಂತ ಅವರ ಲೆಕ್ಕಾಚಾರ. ಅವರೂ ನಮ್ಮ ಜನವೇ. ನಾವು ಕುರಿ ಬಿಟ್ಟು ಗದ್ದೆ ಹಿಡಿದವರು, ಅವರು ಬಿಡದವರು, ಅಷ್ಟೇ ವ್ಯತ್ಯಾಸ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಆ ಹುಡುಗನನ್ನೇ ಮದುವೆಯಾಗಿ ಜಗಳೂರು ಸೀಮೆಯ ಬಿಳಿಚೋಡಿಗೆ ಬಂದೆ.

ಬಂದ ವರ್ಷ ದೀಪಾವಳಿ ಮುಗಿಯುತ್ತಲೇ ಹಿಂಡು ಹೊರಟಿತು. ಚನ್ನಗಿರಿ ದಾಟಿ, ಹೊನ್ನಾಳಿ ಕಡೆಯ ಗದ್ದೆ ಮುಗಿಸಿ, ನ್ಯಾಮತಿ ಸವಳಂಗದವರೆಗೆ ಹೋಗಿ, ಯುಗಾದಿ ಹೊತ್ತಿಗೆ ವಾಪಸು. ನನ್ನ ಹಣೆಬರಹ ನೋಡಿ. ನಮ್ಮನೆಯವರು ನನ್ನ ತವರಿನ ಗದ್ದೆಯಲ್ಲಿ, ನಾನು ಅವರ ಊರಿನ ಚಳಿಯಲ್ಲಿ!

ಆ ಚಳಿಯಾದರೂ ಎಂಥದ್ದು. ನಮ್ಮ ಕಡೆಯದು ಮಂಜಿನ ಚಳಿ, ಒಲೆ ಮುಂದೆ ಕೂತರೆ ಬಿಟ್ಟುಹೋಗುತ್ತದೆ. ಬಿಳಿಚೋಡಿನದು ಒಣ ಚಳಿ. ಮರವಿಲ್ಲದ ಬಯಲಿನ ಮೇಲೆ ಮೂಡಗಾಳಿ ಎದ್ದರೆ ಯಾರ ಮುಲಾಜೂ ಇಲ್ಲದೆ ಮನೆಯೊಳಕ್ಕೆ ನುಗ್ಗುತ್ತಿತ್ತು. ತುಟಿ ಒಡೆಯಿತು, ಹಿಮ್ಮಡಿ ಸೀಳಿತು, ಬೆರಳ ತುದಿ ಬಿರಿದು ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ರುಬ್ಬಿಟ್ಟ ಪಡ್ಡಿನ ಹಿಟ್ಟು ಬೆಳಗಾದರೂ ಉಬ್ಬುತ್ತಿರಲಿಲ್ಲ. ಅತ್ತೆ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಲೆಯ ಮಗ್ಗುಲಿಗೆ ಇಡುವುದನ್ನು ಕಲಿಸಿದರು. ಬೆಳಗಿನ ಹೊತ್ತು ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸುವುದು, ಸಂಜೆ ತೊಗರಿ ಕಟ್ಟಿಗೆಯ ಕೆಂಡ, ಮಲಗುವಾಗ ಹಿಮ್ಮಡಿಗೆ ಹರಳೆಣ್ಣೆ, ಇವೆಲ್ಲ ಅವರಿಂದ ಬಂದದ್ದೇ. ನನ್ನನ್ನು ಸೊಸೆ ಅಂತ ಒಪ್ಪುವುದಕ್ಕೆ ಮಾತ್ರ ಅವರಿಗೆ ಅವಸರವಿರಲಿಲ್ಲ.

ಕಾರಣ ರೊಟ್ಟಿ. ಕುರಿಯ ಹಿಂದೆ ಹೋದವರು ಸಂಜೆ ಬಯಲಲ್ಲೇ ಬಿಸಿ ಮುದ್ದೆ ಬೇಯಿಸಿಕೊಳ್ಳುತ್ತಾರೆ. ಹಗಲಿಡೀ ನಡೆಯುವಾಗ ತಿನ್ನುವುದಕ್ಕೆ ಮನೆಯ ಬುತ್ತಿಯೇ ಆಗಬೇಕು. ತೆಳ್ಳಗೆ ತಟ್ಟಿ ಗರಿಗರಿ ಒಣಗಿಸಿದ ಸಜ್ಜೆ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ಅಮಾವಾಸ್ಯೆಗೊಮ್ಮೆ ಹಿಂಡಿನ ಯಜಮಾನರು ಬಸ್ಸು ಹತ್ತಿ ಊರಿಗೆ ಬಂದು, ಮನೆಮನೆಯಿಂದ ಬುತ್ತಿಯ ಚೀಲ ಹೊತ್ತುಕೊಂಡು ಹೋಗುತ್ತಿದ್ದರು. ಈ ಯಜಮಾನರು ನಮ್ಮ ಮಾವನ ಅಣ್ಣ, ನನಗೆ ದೊಡ್ಡಮಾವ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮ ಮನೆಯ ಬುತ್ತಿ ಅಂದರೆ ಅತ್ತೆಯ ಕೈದು. ಅವರು ತಟ್ಟಿದ ರೊಟ್ಟಿಯನ್ನು ದೀಪಕ್ಕೆ ಹಿಡಿದರೆ ಬೆಳಕು ಕಾಣುತ್ತಿತ್ತು. ನಾನು ಅಕ್ಕಿರೊಟ್ಟಿಯ ಕೈಯವಳು. ಸಜ್ಜೆ ಹಿಟ್ಟಿಗೆ ಜಿಗಿ ಅನ್ನುವುದೇ ಇಲ್ಲ, ತಟ್ಟಿದರೆ ಅಂಚು ಬಿರಿಯುತ್ತದೆ, ಎತ್ತಿದರೆ ಹರಿಯುತ್ತದೆ. ನನ್ನ ಮೊದಲ ರೊಟ್ಟಿಯನ್ನು ಅತ್ತೆ ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದು ರೊಟ್ಟಿ ಅಲ್ಲ ಬಿಡು, ಕಂಬಳಿ ತುಂಡು. ಹೊದ್ಕಂಡು ಮಲಗಾಕೆ ಬರ್ತೈತೆ,” ಅಂದರು.

ಇಡೀ ಮೊದಲ ಚಳಿಗಾಲದಲ್ಲಿ ನನ್ನ ಕೈದು ಒಂದು ತುಣುಕೂ ಗಂಡನಿಗೆ ತಲುಪಲಿಲ್ಲ. ಮದುವೆಯಾದ ಹೊಸತು. ನಾನು ಮಾಡಿದ್ದನ್ನು ಅವರು ತಿನ್ನಲಿ, ದೂರದ ಗದ್ದೆಯಲ್ಲಿ ಕೂತು ಒಂದು ಗಳಿಗೆ ನನ್ನ ನೆನಪು ಮಾಡಿಕೊಳ್ಳಲಿ ಅನ್ನುವ ಆಸೆ. ಅತ್ತೆಯ ಮುಂದೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ನುಂಗುವ ಹಾಗೂ ಇಲ್ಲ.

ಎರಡನೆಯ ಚಳಿಗಾಲದಲ್ಲಿ ಹಿಂಡು ಹೊರಟ ಸ್ವಲ್ಪ ದಿನಕ್ಕೇ ಅತ್ತೆ ಹಿತ್ತಲಲ್ಲಿ ಶೇಂಗಾ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಸಂಕ್ರಾಂತಿ ದಾಟುವ ತನಕ ಕೈ ಅಲ್ಲಾಡಿಸಬಾರದು ಅಂದರು. ಅತ್ತೆಗೆ ನೋವಿಗಿಂತ ದೊಡ್ಡ ಚಿಂತೆ ಬುತ್ತಿಯದು.

ಅಮಾವಾಸ್ಯೆಗೆ ದೊಡ್ಡಮಾವ ಬಂದರು. ದಬ್ಬೆ ಕಟ್ಟಿದ ಕೈ ನೋಡಿ ಲೊಚಗುಟ್ಟಿದರು. “ಚಿಂತಿ ಬ್ಯಾಡವ್ವಾ. ನಿನ್ನ ಮಗನ ಬುತ್ತೀನ ಈ ವರ್ಷ ನಮ್ಮನೇಲೇ ಕಟ್ಟಿಸ್ತೀನಿ. ಹುಡುಗ ಉಪಾಸ ಬೀಳಲ್ಲ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅತ್ತೆಯ ಮುಖ ಸಣ್ಣದಾಯಿತು. ಮನೆಯಲ್ಲಿ ಇಬ್ಬರು ಹೆಂಗಸರಿದ್ದೂ ಮನೆಯ ಗಂಡಸಿಗೆ ಬೇರೆ ಒಲೆಯ ಬುತ್ತಿ ಹೋಗುವುದೆಂದರೆ ಆ ಕೇರಿಯಲ್ಲಿ ಸಣ್ಣ ಮಾತಲ್ಲ. ಯಾವತ್ತೂ ಬಾಯಿ ಮುಚ್ಚದವರು ಸುಮ್ಮನೆ ಕೂತದ್ದು ನನಗೆ ನೋಡಲಾಗಲಿಲ್ಲ.

“ಈ ಸಲ ನಿಮ್ಮನೇದು ಆಗ್ಲಿ ಮಾವ. ಮುಂದಿನ ಅಮಾಸೆಗೆ ನಾನು ಕಟ್ಟಿ ಕೊಡ್ತೀನಿ,” ಅಂದೆ.

ದೊಡ್ಡಮಾವ ಹುಬ್ಬೇರಿಸಿದರು. “ನೀನಾ? ರೊಟ್ಟೀನಾ?”

“ರೊಟ್ಟಿನೋ ಇನ್ನೊಂದೋ. ತಿಂಗ್ಳು ಕೆಡದೇ ಇರೋದು ಕೊಟ್ರೆ ಆತಲ್ರಿ?”

“ಆಗ್ಲಮ್ಮ, ಕಟ್ಟು. ಸರಿಯಾಗ್ಲಿಲ್ಲಾಂದ್ರೆ ಯುಗಾದಿ ತನ್ಕ ನಮ್ಮನೆ ಒಲೆಯಿಂದ್ಲೇ ಹೋಗ್ತೈತೆ. ಆಮೇಲೆ ಮುಖ ಊದಿಸ್ಕಂಡು ಕೂರಬ್ಯಾಡ,” ಅಂದು ನಗುತ್ತ ಹೋದರು.

ಅವರ ಬೆನ್ನು ಮರೆಯಾದ ಮೇಲೆ ಅತ್ತೆ, “ದೊಡ್ಡದಾಗಿ ಹೇಳ್ದೆಲ್ಲಾ, ಏನು ಕಟ್ತೀ?” ಅಂದರು. ನನಗಾದರೂ ಏನು ಗೊತ್ತಿತ್ತು?

ಅವತ್ತಿನಿಂದ ನಮ್ಮ ಅಡಿಗೆಮನೆಯಲ್ಲಿ ದಿನಕ್ಕೊಂದು ಪ್ರಯೋಗ. ಮೊದಲು ಚಕ್ಕುಲಿ. ನಮ್ಮವ್ವ ಅಕ್ಕಿಹಿಟ್ಟಿನಲ್ಲಿ ಮಾಡುತ್ತಿದ್ದುದನ್ನೇ ಸಜ್ಜೆ ಹಿಟ್ಟಿನಲ್ಲಿ ಕಲಸಿ ಒರಳಲ್ಲಿ ಒತ್ತಿದೆ. ಎಣ್ಣೆಗೆ ಬಿಟ್ಟದ್ದೇ ತಡ, ಸುತ್ತು ಬಿಚ್ಚಿಕೊಂಡು ಬಾಣಲೆಯ ತುಂಬ ಮರಳಿನಂತೆ ಹರಡಿತು. ಜಾಲರಿಯಲ್ಲಿ ಸೋಸಿ ತೆಗೆದರೆ ಪುಡಿ. ಅತ್ತೆ ಆ ಪುಡಿಯನ್ನೇ ಮೊಸರಿಗೆ ಹಾಕಿಕೊಂಡು ತಿಂದು, “ಚಕ್ಲಿ ಅಲ್ದಿದ್ರೂ ಉಪ್ಪು ಹದ ಐತೆ,” ಅಂದರು. ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ಆಮೇಲೆ ನಿಪ್ಪಟ್ಟು. ಶೇಂಗಾ ಜಜ್ಜಿ ಹಾಕಿ, ಒಣಮೆಣಸು, ಜೀರಿಗೆ, ಎಳ್ಳು ಬೆರೆಸಿ ತಟ್ಟಿದೆ. ಏನು ರುಚಿ ಅಂತೀರಿ! ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೇಳಿಕೊಂಡು ತಿಂದರು. ಗೆದ್ದೆ ಅಂದುಕೊಂಡು ಡಬ್ಬಿಗೆ ತುಂಬಿಟ್ಟೆ. ವಾರ ಕಳೆದು ಮುಚ್ಚಳ ತೆಗೆದರೆ ಗರಿಗರಿ ಹೋಗಿ ಮೆತ್ತಗೆ, ಮೇಲೆ ಎಣ್ಣೆಯ ಕಮಟು ವಾಸನೆ. ಎರಡನೇ ಸಲ ಮಾಡೋಣವೆಂದು ಬೀಸಿಟ್ಟಿದ್ದ ಹಿಟ್ಟಿಗೆ ಕೈ ಹಾಕಿದರೆ ಹಿಟ್ಟೇ ಕಹಿ.

ಅತ್ತೆ ಕಂಬಳಿಯೊಳಗಿಂದಲೇ ನಕ್ಕರು. “ಸಜ್ಜಿ ಹಿಟ್ಟಿನ ಹಣೇಬರಾನೇ ಅಷ್ಟು. ಬೀಸಿದ ದಿನ ಹೊಸ ಸೊಸಿ ಇದ್ದಂಗಿರ್ತೈತೆ. ವಾರ ಕಳೀಲಿ, ನನ್ನಂಗಾಗ್ತೈತೆ!”

ನಾನೂ ನಕ್ಕೆ, ಆದರೆ ಒಳಗೆ ಹೆದರಿಕೆ ಶುರುವಾಗಿತ್ತು. ಚಂದ್ರ ಕರಗುತ್ತ ಬಂದಿದ್ದ. ಕೇರಿಯ ಹೆಂಗಸರು ನೀರಿಗೆ ಬಂದಾಗ “ಏನಾತ್ರಿ ಬುತ್ತಿ?” ಅಂತ ಕೇಳುವುದಕ್ಕೆ ಶುರುಮಾಡಿದ್ದರು. ಕೇಳುವುದರಲ್ಲಿ ಕಾಳಜಿ ಎಷ್ಟು, ಕುಚೋದ್ಯ ಎಷ್ಟು ಅಂತ ನನಗೆ ತಿಳಿಯುತ್ತಿತ್ತು.

ಮದುವೆಯಲ್ಲಿ ನಮ್ಮಣ್ಣ ಒಂದು ಟ್ರಾನ್ಸಿಸ್ಟರ್ ಕೊಟ್ಟಿದ್ದ. ಕೈ ಮುರಿದ ಮೇಲೆ ಅತ್ತೆಗೆ ಅದೇ ಸಂಗಾತಿ. ಬಿಳಿಚೋಡಿಗೆ ಸ್ಟೇಷನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಒಂದು ಮಾತು ಬಂದರೆ ಎರಡು ಮಾತಿನಷ್ಟು ಗೊರಗೊರ ಸದ್ದು. ಅತ್ತೆ ಎಡಗೈಯಲ್ಲಿ ಅದನ್ನು ಕಿವಿಗೆ ಒತ್ತಿ ಹಿಡಿದು ಮಧ್ಯಾಹ್ನದ ಹೆಂಗಸರ ಕಾರ್ಯಕ್ರಮ ತಪ್ಪದೆ ಕೇಳುತ್ತಿದ್ದರು. ಒಂದು ದಿನ ನಾನು ಬಾವಿಯಿಂದ ಕೊಡ ಹೊತ್ತು ಬಂದರೆ ಬಾಗಿಲಲ್ಲೇ ನಿಂತಿದ್ದಾರೆ, ಮುಖ ಅರಳಿದೆ.

“ಸಿಕ್ತು ಬಾ! ರೇಡಿಯೋದಾಕೆ ಹೇಳಿದ್ಲು. ಸಜ್ಜಿ ರವೆ ಉಂಡಿ!”

“ಸಜ್ಜೆಗೆ ರವೆ ಮಾಡಾಕೆ ಬರ್ತೈತಾ ಅತ್ತೆ?”

“ಬರದಿದ್ರೆ ಆಕೆ ಯಾಕೆ ಹೇಳ್ತಾಳೆ? ಕಿವಿಯಾರೆ ಕೇಳೀನಿ. ‘ಎರಡು ಬಟ್ಟಲು ಸಜ್ಜಿಗೆ ರವೆ ಘಮ್ ಅನ್ನೋ ತನಕ ಹುರಿರಿ’ ಅಂದ್ಲು. ಆಮೇಲೆ ಬೆಲ್ಲದ ಪಾಕಕ್ಕೆ ಹಾಕಿ ಉಂಡಿ ಕಟ್ಟಬೇಕಂತೆ. ತಿಂಗ್ಳು ಇಟ್ರೂ ಕೆಡಲ್ವಂತೆ.” ಒಂದು ಗಳಿಗೆ ಬಿಟ್ಟು, “ನೋಡ್ದಾ? ಪ್ಯಾಟಿಯೋರಿಗೂ ನಮ್ಮ ಸಜ್ಜಿ ರುಚಿ ಹತ್ತೈತೆ,” ಅಂದರು.

ಅತ್ತೆಯ ತವರು ಕೂಡ್ಲಿಗಿ ಕಡೆ. ಅವರ ಬಾಯಲ್ಲಿ ಸಜ್ಜೆ ಯಾವಾಗಲೂ ಸಜ್ಜಿ. ತಮ್ಮ ಸೀಮೆಯ ಕಾಳಿನ ಹೆಸರನ್ನು ರೇಡಿಯೋದಲ್ಲಿ ಕೇಳಿದ ಹೆಮ್ಮೆ ಅವರ ಮುಖದ ಮೇಲೆ ಸಂಜೆಯ ತನಕ ಇಳಿಯಲಿಲ್ಲ.

“ಮತ್ತೇನೇನು ಹಾಕ್ಬೇಕಂತೆ?”

“ತುಪ್ಪ, ಗೋಡಂಬಿ, ದ್ರಾಕ್ಷಿ ಅಂದ್ಲು. ಅವು ರೇಡಿಯೋದಾಗೇ ಇರ್ಲಿ. ನಾವು ಎಳ್ಳು, ಶೇಂಗಾ, ಒಣಶುಂಠಿ ಹಾಕನ. ಥಂಡಿಗೆ ಅವೇ ಒಳ್ಳೇವು.”

ಹಸಿ ಸಜ್ಜೆಯನ್ನು ಎಷ್ಟು ಹಗುರ ಬೀಸಿದರೂ ಹಿಟ್ಟಾಗುತ್ತದೆ, ರವೆಯಾಗುವುದಿಲ್ಲ. ಅದಕ್ಕೆ ಕಾಳನ್ನೇ ಮೊದಲು ಹುರಿದುಬಿಡೋಣ ಅಂದೆ. ದಪ್ಪ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸಿದೆ. ಕಾಳು ಚಟಪಟ ಅನ್ನತೊಡಗಿ, ಬೂದು ಬಣ್ಣ ಹೋಗಿ ಕಂದು ತಿರುಗಿತು. ಆಗ ಎದ್ದ ಘಮ ಇದೆಯಲ್ಲ, ಅದು ಮೊದಲ ಮಳೆಗೆ ನೆನೆದ ಹೊಲದ ವಾಸನೆಗೆ ಸ್ವಲ್ಪ ಬೆಲ್ಲ ಸೇರಿಸಿದಂತೆ. ಕೇರಿಯ ತುದಿಯವರೆಗೂ ಹೋಗಿತ್ತಂತೆ. ಆರಿದ ಮೇಲೆ ಬೀಸುವ ಕಲ್ಲಿನ ಗೂಟಕ್ಕೆ ಬಟ್ಟೆ ಸುತ್ತಿ ಮೇಲ್ಗಲ್ಲನ್ನು ತುಸು ಎತ್ತರಿಸಿ ತಿರುಗಿಸಿದೆ. ಹರಳುಹರಳಾಗಿ ರವೆ ಉದುರಿತು. ಅತ್ತೆ ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಇಷ್ಟಾದರೂ ಉಂಡೆ ಸುಲಭಕ್ಕೆ ಒಲಿಯಲಿಲ್ಲ. ಮೊದಲ ದಿನ ಪಾಕ ಗಟ್ಟಿಯಾಗಿಬಿಟ್ಟಿತು. ಆದದ್ದು ಉಂಡೆಯಲ್ಲ, ಗುಂಡು. “ಕವಣೆಯಾಗಿಟ್ಟು ಬೀಸಿದ್ರೆ ತೋಳ ಸಾಯ್ತೈತೆ,” ಅಂದರು ಅತ್ತೆ. ಮರುದಿನ ಪಾಕವನ್ನು ಎಳೆಯದಾಗಿ ಇಳಿಸಿದೆ. ಕಟ್ಟಿದ್ದೆಲ್ಲ ಬೆಳಗಾಗುವುದರಲ್ಲಿ ಪುಡಿ. ಹದ ಸಿಕ್ಕ ಮೇಲೆ ಇನ್ನೊಂದು ತೊಡಕು ಬಂತು. ನಾಲ್ಕು ಉಂಡೆ ಕಟ್ಟುವಷ್ಟರಲ್ಲಿ ಆ ಹಾಳು ಚಳಿಗೆ ಬಾಣಲೆಯಲ್ಲಿದ್ದದ್ದು ಹೆಪ್ಪಾಗಿ ಬಂಡೆಯಂತೆ ಕೂರುತ್ತಿತ್ತು. ಮತ್ತೆ ಒಲೆಗಿಟ್ಟರೆ ಪಾಕ ಏರಿ ಕಲ್ಲಾಗುತ್ತಿತ್ತು.

ಅತ್ತೆ ಎದ್ದು ಹೋಗಿ ಪಡ್ಡಿನ ಹಿಟ್ಟಿಗೆ ಸುತ್ತುವ ಹಳೇ ಕಂಬಳಿ ತಂದರು. ಅಗಲವಾದ ಕಬ್ಬಿಣದ ಬುಟ್ಟಿಯಲ್ಲಿ ಬಿಸಿ ಬೂದಿ ಹರಡಿ, ಅದರ ಮೇಲೆ ನನ್ನಿಂದ ಬಾಣಲೆ ಇಡಿಸಿ, ಸುತ್ತ ಕಂಬಳಿ ಹೊದೆಸಿ, ನನ್ನ ಕೈ ಹೋಗುವಷ್ಟು ಮಾತ್ರ ಬಾಯಿ ಬಿಟ್ಟರು. ಎಡಗೈಯಲ್ಲಿ ಕಂಬಳಿಯ ಅಂಚು ಹಿಡಿದು ಎದುರಿಗೆ ಕೂತು, “ಈಗ ಕಟ್ಟು,” ಅಂದರು. ನಾನು ಒಡೆದ ಬೆರಳುಗಳಿಗೆ ನೀರು ಮುಟ್ಟಿಸಿಕೊಳ್ಳುತ್ತ, ಸುಡುತ್ತಿದ್ದ ರವೆಯನ್ನು ಹಿಡಿಹಿಡಿಯಾಗಿ ತೆಗೆದು ಕಟ್ಟಿದೆ. ಕೈ ಕೆಂಪಾಗಿ ಬೊಬ್ಬೆ ಎದ್ದವು. ಉಂಡೆ ಮಾತ್ರ ದುಂಡಗೆ, ನುಣ್ಣಗೆ, ಒಂದೂ ಬಿರಿಯಲಿಲ್ಲ. ಅತ್ತೆ ಒಂದನ್ನು ಕಡಿದು, ನಿಧಾನಕ್ಕೆ ಅಗಿದು ನುಂಗಿದರು.

“ಹೋಗ್ಲಿ ಇದು,” ಅಂದರು. ಅಷ್ಟೇ.

ಅಮಾವಾಸ್ಯೆಗೆ ಬಂದ ದೊಡ್ಡಮಾವ ಚೀಲದಲ್ಲಿ ಇಣುಕಿ, “ಇದೇನು, ಹಬ್ಬಕ್ಕೆ ಹೊಂಟೀವಾ?” ಅಂದರು. ರೇಡಿಯೋದ ಕತೆ ಅತ್ತೆಯೇ ಹೇಳಿದರು. ಅವರು ತಲೆಯಾಡಿಸಿ ಹೊತ್ತುಕೊಂಡು ಹೋದರು. ಇನ್ನು ಒಂದು ತಿಂಗಳು ಕಾಯುವ ಕೆಲಸ.

ಆ ತಿಂಗಳು ಹವಾ ಕೆಟ್ಟಿತು. ಪುಷ್ಯ ಮಾಸದಲ್ಲಿ ಮೋಡ ಕವಿದು ಬಿಸಿಲೇ ಇಲ್ಲ. ದಾವಣಗೆರೆಯಿಂದ ಬಂದ ಬಸ್ಸಿನವರು ಹೊನ್ನಾಳಿ ಕಡೆ ಹನಿ ಮಳೆ ಹಿಡಿದಿದೆ, ಮಂಜಿಗೆ ರಸ್ತೆ ಕಾಣುತ್ತಿಲ್ಲ ಅಂದರು. ನಾನು ದಿನಕ್ಕೆರಡು ಸಲ ಮನೆಯಲ್ಲಿ ಉಳಿಸಿಕೊಂಡಿದ್ದ ಉಂಡೆಯ ಡಬ್ಬಿ ತೆಗೆದು ಮೂಸುತ್ತಿದ್ದೆ. ಇಲ್ಲಿ ಚೆನ್ನಾಗಿದೆ, ಅಲ್ಲಿನ ಥಂಡಿಯಲ್ಲಿ ಏನಾಗಿದೆಯೋ? ಕಹಿಯಾಗಿದ್ದರೆ ನಮ್ಮನೆಯವರು ನನ್ನ ಮುಖ ನೋಡಿ ನುಂಗಿಯಾರು, ಉಳಿದವರು ನುಂಗುತ್ತಾರೆಯೇ? ಅತ್ತೆ ಒಮ್ಮೆ, “ಕೆಟ್ರೆ ಕೆಡ್ಲಿ. ಮಾಡಿದ್ವಿ ಅಲ್ಲೇನು?” ಅಂದರು. ‘ಮಾಡಿದ್ವಿ’ ಅನ್ನುವ ಆ ಮಾತು ಕೇಳಿ ಎಷ್ಟು ಹಿತವಾಯಿತು ಅಂತ ಅವರಿಗೆ ಗೊತ್ತಿರಲಾರದು.

ಮುಂದಿನ ಅಮಾವಾಸ್ಯೆಗೆ ದೊಡ್ಡಮಾವ ನಮ್ಮ ಮನೆಗೇ ಮೊದಲು ಬಂದರು. ಕಟ್ಟೆಯ ಮೇಲೆ ಕೂತು ಚೊಂಬು ನೀರು ಕುಡಿದು ಮೀಸೆ ಒರೆಸಿಕೊಂಡರು. ಖಾಲಿ ಚೀಲ ಮಡಿಲಲ್ಲಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ಮಂಜು ಅಂದ್ರೆ ಮಂಜು. ಕುರಿ ಎದುರಿಗಿದ್ರೂ ಕಾಣ್ತಿರ್ಲಿಲ್ಲ. ಕಟ್ಟಿಗೆ ನೆಂದು ಒಲೆ ಹತ್ತಲೊಲ್ದು, ಮುದ್ದೆ ಇಲ್ಲ ಏನಿಲ್ಲ. ರೊಟ್ಟಿ ತಿನ್ನನ ಅಂತ ಚೀಲ ಬಿಚ್ಚಿದ್ರೆ ಎಲ್ಲಾರದ್ದೂ ಬೂಸ್ಟು ಹಿಡಿದಿತ್ತು. ನಮ್ಮನೇದೂ ಸೇರಿ ನಾಯಿಗೆ ಹಾಕಿದ್ವಿ.” ಅತ್ತೆಯ ಕಡೆ ತಿರುಗಿದರು. “ನಿಮ್ಮನೆ ಉಂಡಿ ಮಾತ್ರ ಹಂಗೇ ಇತ್ತು ನೋಡವ್ವಾ. ಎಲ್ಲಾರೂ ಅವನ್ನೇ ಹಂಚ್ಕಂಡು, ಹಾಲು ಕುಡ್ದು, ಆ ಥಂಡಿ ಕಳುದ್ವಿ. ಮೈ ಬೆಚ್ಚಗಿತ್ತು.”

ಆಮೇಲೆ ಬಾಗಿಲ ಕಡೆ ನೋಡಿ ಕೂಗಿ ಹೇಳಿದರು: “ಏನಮ್ಮಾ, ಕೇಳಿಸ್ತಾ? ಈ ಸಲ ನಮ್ಮನೆಯಾಕೆಗೂ ಕಲಿಸಿಕೊಡು.”

ಕಣ್ಣು ತುಂಬಿ ಬಂತು. ಹೊಗೆಯ ನೆಪ ಹೇಳೋಣವೆಂದರೆ ಒಲೆಯೂ ಉರಿಯುತ್ತಿರಲಿಲ್ಲ.

ಮರುದಿನವೇ ದೊಡ್ಡಮಾವನ ಹೆಂಡತಿ ಕಲಿಯಲು ಬಂದರು, ಅವರ ಹಿಂದೆ ಇಡೀ ಕೇರಿ ಬಂತು. ನೀರಿನ ಹತ್ತಿರ ಕುಚೋದ್ಯ ಮಾಡಿದವರೆಲ್ಲ ನಮ್ಮ ಒಲೆಯ ಮುಂದೆ ಮೊಣಕಾಲೂರಿ ಪಾಕದ ಹದ ನೋಡಿದರು. ನಾನು ಬೇಕೆಂದೇ ನಿಧಾನಕ್ಕೆ ಹೇಳಿಕೊಟ್ಟೆ. ಆದರೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಊರಿನಲ್ಲಿ ಅದಕ್ಕೆ ‘ರೇಡಿಯೋ ಉಂಡಿ’ ಅಂತ ಹೆಸರು ಬಿದ್ದುಬಿಟ್ಟಿತ್ತು. “ರೇಡಿಯೋದಾಕೆ ಹೇಳಿದ್ಲು, ಈಕೆ ಮಾಡಿದ್ಲು. ಅದ್ರಾಗೇನು?” ಅನ್ನುವವರೂ ಇದ್ದರು. ಬೊಬ್ಬೆ ಎದ್ದದ್ದು ನನ್ನ ಕೈಗೆ, ಹೆಸರು ಮಾತ್ರ ಎಲ್ಲೋ ಕೂತು ಮಾತಾಡಿದವಳಿಗೆ.

ಮಾಘದಲ್ಲಿ ಹಿಂಡು ಸವಳಂಗ ತಲುಪಿದಾಗ ಅತ್ತೆಯೇ, “ಈ ಸಲ ಬುತ್ತಿ ನೀನೇ ಒಯ್ಯಿ, ತೌರು ನೋಡಿದಂಗೂ ಆಗ್ತೈತೆ,” ಅಂದರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಹೊನ್ನಾಳಿ ನ್ಯಾಮತಿ ದಾಟಿ, ಚೀಲ ಮಡಿಲಲ್ಲಿಟ್ಟುಕೊಂಡು ಹೋದೆ. ನಮ್ಮನೆಯವರು ನಮ್ಮಪ್ಪನ ಗದ್ದೆಯ ಬದುವಿನ ಮೇಲೆ ನಿಂತಿದ್ದರು, ಗಡ್ಡ ಬೆಳೆದು ಗುರುತೇ ಸಿಗುವಂತಿರಲಿಲ್ಲ. ಚೀಲ ಇಸಿದುಕೊಂಡು, “ಉಂಡಿ ಭಾಳ ಚೊಲೋ ಇದ್ವು. ನೀನೇ ಮಾಡಿದ್ದು ಅಂತ ಎಲ್ಲಾರಿಗೂ ಹೇಳಿದ್ನಿ,” ಅಂದರು. ಮಾತು ಕಡಿಮೆಯ ಮನುಷ್ಯ. ಅವರ ಮಟ್ಟಿಗೆ ಅದು ಭಾಷಣ.

ತವರಿನಲ್ಲಿ ಅತ್ತಿಗೆಗೆ ಎರಡು ಉಂಡೆ ಕೊಟ್ಟು, ರೇಡಿಯೋದಲ್ಲಿ ಬಂದದ್ದು ಅಂತ ಹೇಳಿದೆ. ಅವಳು ಕಡಿದು ನೋಡಿ ಹುಬ್ಬು ಗಂಟಿಕ್ಕಿದಳು.

“ಆ ಕಾರ್ಯಕ್ರಮ ನಾನೂ ಕೇಳ್ದೆ ಕಣೆ, ಮಾಡಿಯೂ ನೋಡ್ದೆ. ಇದು ಅದಲ್ಲ. ಅವ್ರು ಹೇಳಿದ್ದು ಸಜ್ಜಿಗೆ ರವೆ. ಅಂದ್ರೆ ಉಪ್ಪಿಟ್ಟು ಮಾಡ್ತೀವಲ್ಲ, ಆ ಗೋಧಿ ರವೆ. ಸಜ್ಜೆ ಯಾರು ಹಾಕು ಅಂದ್ರು ನಿಂಗೆ?”

ಒಂದು ಗಳಿಗೆ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ಪಟ್ಟಣದ ಹೆಂಗಸು ಉಪ್ಪಿಟ್ಟಿನ ರವೆಗೆ ‘ಸಜ್ಜಿಗೆ ರವೆ’ ಅಂದಿದ್ದಳು. ಕೂಡ್ಲಿಗಿಯ ಕಿವಿಗೆ ಅದರಲ್ಲಿ ಸಜ್ಜಿ ಕೇಳಿಸಿತ್ತು! ಸಜ್ಜೆ ಹುರಿಯಬೇಕು, ರವೆ ಒಡೆಯಬೇಕು ಅಂತ ಯಾರೂ ಎಲ್ಲೂ ಹೇಳಿರಲೇ ಇಲ್ಲ. ಅದು ನಮ್ಮ ಅಡಿಗೆಮನೆಯಲ್ಲೇ ಹುಟ್ಟಿದ್ದು. ಹುರಿದದ್ದರಿಂದಲೇ ಸಜ್ಜೆ ಕಹಿಯಾಗದೆ ಉಳಿಯಿತು ಅನ್ನುವುದೂ ಆಗಲೇ ಹೊಳೆಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಒಬ್ಬಳೇ ನಗುತ್ತಿದ್ದೆ. ರೇಡಿಯೋದವಳಿಗೆ ಹೋಗಿದ್ದ ಹೆಸರು ಈಗ ನನ್ನದು!

ಆದರೆ ಮನೆ ಹತ್ತಿರ ಬಂದಂತೆ ನಗು ಇಳಿಯಿತು. ಇದನ್ನು ಊರಿಗೆ ಹೇಳಿದರೆ ಮುದುಕಿಗೆ ಕಿವಿ ಕೇಳಿಸುವುದಿಲ್ಲ ಅಂತ ಅತ್ತೆಯನ್ನು ಆಡಿಕೊಳ್ಳುತ್ತಾರೆ. ನಮ್ಮ ಸಜ್ಜಿಯ ಹೆಸರು ರೇಡಿಯೋದಲ್ಲಿ ಬಂತು ಅಂತ ಅವರು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದರೋ! ಹಾಗಾಗಿ ಅವರೊಬ್ಬರಿಗೇ ಹೇಳಿದೆ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡರು. ದಬ್ಬೆ ಬಿಚ್ಚಿದ್ದ ಕೈಯನ್ನು ಎಡಗೈಯಿಂದ ಸವರಿಕೊಳ್ಳುತ್ತಿದ್ದರು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು.

“ಯಾರಿಗೂ ಹೇಳಲ್ಲ ಬಿಡ್ರಿ ಅತ್ತೆ,” ಅಂದೆ.

ಅವರು ಎದ್ದು ಒಲೆಯ ಕಟ್ಟಿಗೆ ಮುಂದಕ್ಕೆ ತಳ್ಳಿದರು. ಆ ವಿಷಯ ಅಲ್ಲಿಗೆ ಮುಗಿಯಿತು ಅಂತ ನಾನಂದುಕೊಂಡೆ.

ಮರುವರ್ಷ ದೀಪಾವಳಿ ಕಳೆಯಿತು. ಹಿಂಡು ಹೊರಡುವ ಬೆಳಿಗ್ಗೆ ಕೇರಿಯ ಬಯಲಲ್ಲಿ ಎಲ್ಲ ಸೇರಿದ್ದರು. ಕುರಿಗಳ ಗದ್ದಲ, ದೂಳು, ಕೊರೆಯುವ ಗಾಳಿ. ಮನೆಮನೆಯ ಹೆಂಗಸರು ಬುತ್ತಿಯ ಚೀಲ ತಂದಿಟ್ಟರು. ಎಲ್ಲ ಚೀಲದಲ್ಲೂ ಉಂಡೆ. ದೊಡ್ಡಮಾವ ನಮ್ಮ ಚೀಲದ ಬಾಯಿ ಬಿಚ್ಚಿ ನೋಡಿ, “ಓಹೋ, ರೇಡಿಯೋ ಉಂಡಿ! ಆ ರೇಡಿಯೋದಾಕೆ ನೂರು ವರ್ಷ ಬಾಳ್ಲಿ,” ಅಂದರು. ಜನ ನಕ್ಕರು.

ಗೋಡೆಗೊರಗಿ ಬಿಸಿಲು ಕಾಯಿಸುತ್ತಿದ್ದ ಅತ್ತೆ ಎದ್ದು ನಿಂತರು. “ಏ, ನಿಂದ್ರಿ,” ಅಂದರು. ಅವರ ದನಿ ಕುರಿಗಳ ಗದ್ದಲದ ಮೇಲೂ ಕೇಳಿಸುತ್ತಿತ್ತು. “ರೇಡಿಯೋದಾಕೆ ಹೇಳಿದ್ದು ಉಪ್ಪಿಟ್ಟಿನ ರವೆ. ನನಗೆ ಕಿವಿ ಸರೀಗೆ ಕೇಳಲಿಲ್ಲ, ಸಜ್ಜಿ ಅಂತ ತಿಳ್ಕಂಡೆ. ತಪ್ಪು ನಂದು.”

ಜೀವಮಾನದಲ್ಲಿ ಒಮ್ಮೆಯೂ ತಪ್ಪು ನನ್ನದು ಅನ್ನದವರು, ಊರೆಲ್ಲ ನೆರೆದಲ್ಲಿ, ಸೊಟ್ಟ ಕೈಯನ್ನು ನನ್ನ ಕಡೆ ಚಾಚಿದರು.

“ಸಜ್ಜಿ ಹುರಿದಾಕೆ ಇವಳು. ರವೆ ಒಡೆದಾಕೆ ಇವಳು. ಕೈ ಸುಟ್ಕಂಡು ಉಂಡಿ ಕಟ್ಟಿದಾಕೆ ಇವಳು. ಇನ್ನೊಂದ್ಸಲ ರೇಡಿಯೋ ಉಂಡಿ ಅಂದ್ರೆ ನೋಡ್ರಿ ಮತ್ತೆ. ಇದು ನನ್ನ ಸೊಸಿ ಉಂಡಿ.”

ನಾನು ಚೀಲದ ಬಾಯಿ ಕಟ್ಟಿ, ಎತ್ತಿ, ಎಲ್ಲರೆದುರಿಗೆ ದೊಡ್ಡಮಾವನ ಕೈಗೆ ಕೊಟ್ಟೆ. ಸೆರಗು ತಲೆಯ ಮೇಲಿತ್ತು. ಆದರೆ ಆ ದಿನ ನಾನು ತಲೆ ತಗ್ಗಿಸಲಿಲ್ಲ.